ಬಾಕಿ ಉಳಿಸಿಕೊಂಡ ಬೇಬಾಕಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಕೊಡುವ-ಕೊಳ್ಳುವ ಲೆಕ್ಕ ಸರಿಹೋದರೆ ‘ಬರೋಬರ್ ಆತು’ ಎನ್ನುತ್ತಾರೆ. ಸಾಲ ತೀರಿಸಿದ ರೈತನಿಗೆ ಸಹಕಾರ ಸಂಘ ಕೊಡುವುದು ‘ಬೇಬಾಕಿ’ ಪತ್ರ. ಇಂಥ ಸಂದರ್ಭಕ್ಕೆ ಇಂಗ್ಲಿಷಿನಲ್ಲಿರುವ ಮಾತು ‘ಕ್ವಿಟ್ಸ್’. ಇನ್ನು ಯಾರೂ ಯಾರಿಗೂ ಕೊಡಬೇಕಾದ್ದಿಲ್ಲ ಎಂಬುದೇ ಇವುಗಳ ಒಟ್ಟು ತಾತ್ಪರ್ಯ. ಆದರೆ ಈ ಪದಗಳ ಹುಟ್ಟು ಬೇರೆ ಬೇರೆ.

‘ಬರೋಬರ್’ ಫಾರ್ಸಿಯ ‘ಬರಾಬರ್’ನಿಂದ ಬಂದದ್ದು. ಆ ಭಾಷೆಯಲ್ಲಿ ‘ಬರ್’ ಎಂದರೆ ಎದೆ. ಎದೆಗೆ ಎದೆ ಸಮನಾಗಿ ನಿಂತವರು ಬರಾಬರ್. ‘ಬೇಬಾಕಿ’ಯಲ್ಲಿ ‘ಬೇ’ ಎಂಬುದು ಇಲ್ಲ ಎಂಬರ್ಥದ ಫಾರ್ಸಿ ಪೂರ್ವಪದ. ‘ಬಾಕಿ’ ಅರಬ್ಬಿಯದು, ಉಳಿದದ್ದು ಎಂದರ್ಥ. ಏನೂ ಉಳಿಯದಿದ್ದರೆ ಬೇಬಾಕಿ. ಶತಮಾನಗಳ ಕಾಲ ಈ ಸೀಮೆಯ ಕಚೇರಿಗಳಲ್ಲಿ ಫಾರ್ಸಿ, ನಂತರ ಉರ್ದು ನಡೆದದ್ದರಿಂದ ಇಂಥ ಮಾತುಗಳು ಊರವರ ಬಾಯಲ್ಲಿ ಕನ್ನಡವೇ ಆಗಿಹೋದವು.

‘ಕ್ವಿಟ್ಸ್’ನ ಬೇರು ಲ್ಯಾಟಿನ್ನಿನ ‘ಕ್ವಿಯೇಟಸ್’. ಅದರ ಅರ್ಥ ಶಾಂತ, ನೆಮ್ಮದಿಯಾದ. ಹಿಂದೆ ಇಂಗ್ಲೆಂಡಿನ ಖಜಾನೆಯಲ್ಲಿ ಲೆಕ್ಕ ಒಪ್ಪಿಸಿ ಮುಗಿಸಿದವನಿಗೆ ‘ಕ್ವಿಯೇಟಸ್ ಎಸ್ಟ್’ ಎಂದು ಬರೆದುಕೊಡುವ ರೂಢಿಯಿತ್ತು. ಇವನು ಋಣಮುಕ್ತ ಎಂದು ಅದರ ಭಾವ. ಮೌನವನ್ನು ಸೂಚಿಸುವ ‘ಕ್ವಯಟ್’, ಬಿಡುವುದನ್ನು ಸೂಚಿಸುವ ‘ಕ್ವಿಟ್’ ಇದೇ ಬೇರಿನ ಕುಡಿಗಳು. ಸಾಲವಿಲ್ಲದವನಿಗೆ ನೆಮ್ಮದಿ ಎಂಬ ತಿಳಿವಳಿಕೆ ಪದದೊಳಗೇ ಇದೆ.

ಆದರೆ ದೊಡ್ಡವರ ನಡುವೆ ಲೆಕ್ಕ ಮುಗಿದರೆ ಎಲ್ಲರಿಗೂ ನೆಮ್ಮದಿ ಸಿಗುತ್ತದೆಯೇ? ಸುರಪುರದ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ.

ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ‘ಕಂಟಿಂಜೆಂಟ್’ ಸೈನ್ಯದ ಖರ್ಚು ಹೈದರಾಬಾದಿನ ನಿಜಾಮನ ತಲೆಯ ಮೇಲಿತ್ತು. ಆ ಸಾಲ ಬೆಳೆದಾಗ 1853ರ ಒಪ್ಪಂದದಲ್ಲಿ ಬೇರಾರ್, ರಾಯಚೂರು ದೋಆಬ್ ಮತ್ತು ಧಾರಾಶಿವ ಸೀಮೆಗಳ ಆಡಳಿತವನ್ನು ಆತ ಕಂಪನಿಗೆ ಒಪ್ಪಿಸಬೇಕಾಯಿತು. ಅದೇ ವರ್ಷ ಸುರಪುರದಲ್ಲಿ, ರಾಜ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗಿನಿಂದ ಸಂಸ್ಥಾನ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಆಡಳಿತವನ್ನು ಅವನಿಗೆ ಬಿಟ್ಟುಕೊಟ್ಟು ಹೊರಟ. ಟೇಲರನನ್ನು ಆ ರಾಜ ‘ಅಪ್ಪ’ ಎಂದೇ ಕರೆಯುತ್ತಿದ್ದ.

1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆಯನ್ನು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತಾದರೂ, ಸೆರೆಯಲ್ಲಿರುವಾಗಲೇ ಆ ವರ್ಷ ಗುಂಡೇಟಿನಿಂದ ತೀರಿಕೊಂಡ.

1857ರ ದಂಗೆಯಲ್ಲಿ ನಿಜಾಮ ಬ್ರಿಟಿಷರ ಪಕ್ಷ ಬಿಡಲಿಲ್ಲ. ಅದರ ಋಣ ತೀರಿಸಲು 1860ರಲ್ಲಿ ಹೊಸ ಒಪ್ಪಂದವಾಯಿತು. ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ದೋಆಬ್, ಧಾರಾಶಿವ ಮರಳಿ ಬಂದವು. ಜೊತೆಗೆ ಬ್ರಿಟಿಷರು ವಶಪಡಿಸಿಕೊಂಡಿದ್ದ ಸುರಪುರವೂ ನಿಜಾಮನಿಗೆ ಸಂದಿತು. ಗೋದಾವರಿಯ ಎಡದಂಡೆಯ ಕೆಲವು ಪ್ರದೇಶಗಳನ್ನು ಬ್ರಿಟಿಷರು ಪಡೆದರು. ಹತ್ತಿಯ ಸೀಮೆ ಬೇರಾರನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಕಾಗದದ ಮೇಲೆ ಸಾಲ ಬೇಬಾಕಿಯಾಯಿತು. ಆದರೆ ಎದೆಗೆ ಎದೆ ಸಮನಾಗಿ ನಿಂತವರ ವ್ಯವಹಾರ ಅದಾಗಿರಲಿಲ್ಲ. ಸಾಲ ಮಾಡದ, ಮಾತುಕತೆಯಲ್ಲಿ ಪಾಲಿಲ್ಲದ ಸುರಪುರದ ಬೇಡ ನಾಯಕರ ಸಂಸ್ಥಾನ ಇಬ್ಬರು ಬಲಿಷ್ಠರ ಜಮಾ-ಖರ್ಚಿನಲ್ಲಿ ಒಂದು ಬಾಬತ್ತಾಗಿ ಅಳಿಸಿಹೋಯಿತು. ಮುಂದೆ 1948ರ ಸೆಪ್ಟೆಂಬರಿನವರೆಗೂ ಈ ಸೀಮೆ ನಿಜಾಮನ ಆಳ್ವಿಕೆಯಲ್ಲೇ ಉಳಿಯಿತು.

ಆದ್ದರಿಂದ ಲೆಕ್ಕ ‘ಬರೋಬರ್’ ಎಂದು ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆ ಒಂದಿದೆ: ಯಾರ ಯಾರ ನಡುವೆ, ಯಾರ ಗಂಟಿನಿಂದ?