ಕಾಣದ ಸುಡುಗಾಯ

ಕಚೇರಿಗೆ ವೈದ್ಯಕೀಯ ಮರುಪಾವತಿಯ ಕಡತಗಳು ಬಂದಾಗ, ಗರ್ಭಕೋಶದ ಲ್ಯಾಪರೋಸ್ಕೋಪಿಯ ಬಿಲ್ಲುಗಳಲ್ಲಿ ‘ಬೈಪೋಲಾರ್’, ‘ಹಾರ್ಮೋನಿಕ್’ ಎಂಬ ಬಾಬುಗಳನ್ನು ನಾವು ಕಾಣುತ್ತೇವೆ. ಮೊತ್ತ ತಾಳೆಯಾದರೆ ಸಹಿ ಬೀಳುತ್ತದೆ. ಆ ಪದಗಳ ಚರಿತ್ರೆಯನ್ನು ಅರಸಿ ಹೊರಟದ್ದು ಬರಿಯ ಕುತೂಹಲದಿಂದ. ಓದುತ್ತ ಹೋದಂತೆ ಅದು ಕಳವಳವಾಯಿತು.

ಅತಿ ವೇಗವಾಗಿ ಆವರ್ತಿಸುವ ವಿದ್ಯುತ್ತು ದೇಹದೊಳಗೆ ಹರಿದರೂ ಸ್ನಾಯುಗಳು ಸೆಟೆಯುವುದಿಲ್ಲವೆಂದು ಫ್ರಾನ್ಸಿನ ದಾರ್ಸೊನ್ವಾಲ್ 1891ರಲ್ಲಿ ತೋರಿಸಿದ್ದರು. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಹಾರ್ವಿ ಕುಶಿಂಗ್, ರಕ್ತಸ್ರಾವದಿಂದಾಗಿ ಕೆಲವೇ ದಿನಗಳ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ತಲೆಯ ಗಡ್ಡೆಯೊಂದನ್ನು ವಿಲಿಯಂ ಬೋವಿಯವರ ವಿದ್ಯುತ್ ಯಂತ್ರದ ನೆರವಿನಿಂದ ತೆಗೆದರು. (ಬೋವಿ ಓದಿದ್ದು ಸಸ್ಯಶಾಸ್ತ್ರ!) ಅದು ತೆರೆದ ಗಾಯ, ಸುಟ್ಟದ್ದು ಕಣ್ಣೆದುರಿಗಿತ್ತು.

ಸ್ತ್ರೀರೋಗ ತಜ್ಞರು ಅದೇ ವಿದ್ಯುತ್ತನ್ನು ಮುಚ್ಚಿದ ಹೊಟ್ಟೆಯೊಳಗೆ ಒಯ್ದರು. ಸಂತಾನಹರಣಕ್ಕಾಗಿ ಗರ್ಭನಾಳಗಳನ್ನು ಸುಡುವ ವಿಧಾನ 1970ರ ದಶಕದಲ್ಲಿ ವ್ಯಾಪಕವಾಯಿತು. ಏಕಧ್ರುವ ಉಪಕರಣದಲ್ಲಿ ವಿದ್ಯುತ್ತು ಸಲಾಕೆಯ ತುದಿಯಿಂದ ಹೊರಟು, ಇಡೀ ದೇಹವನ್ನು ಹಾದು, ಚರ್ಮಕ್ಕೆ ಅಂಟಿಸಿದ ಪಟ್ಟಿಯನ್ನು ಸೇರಬೇಕು. ಸಲಾಕೆಯ ಹೊದಿಕೆ ಎಲ್ಲಿಯಾದರೂ ಬಿರಿದಿದ್ದರೆ ಪಕ್ಕದ ಕರುಳು ಸುಡುತ್ತದೆ. ದರ್ಶಕದ ನೋಟ ಅಲ್ಲಿಗೆ ತಲುಪುವುದಿಲ್ಲ. ಕರುಳು ತೂತಾಗುವುದು ಕೆಲವು ದಿನಗಳ ಅನಂತರ, ಆಕೆ ಮನೆ ಸೇರಿದ ಮೇಲೆ. ಬಂದವಳು ರೋಗಿಯೂ ಅಲ್ಲ, ಇನ್ನು ಮಕ್ಕಳು ಸಾಕೆಂದು ಬಂದವಳು ಎಂಬುದು ನಮ್ಮನ್ನು ಹೆಚ್ಚು ಕಾಡಿತು. 1978–79ರಲ್ಲಿ ಅಮೆರಿಕದಲ್ಲಿ ಸಂಭವಿಸಿದ ಇಂಥ ಸಾವುಗಳ ವರದಿ 1981ರಲ್ಲಿ ಪ್ರಕಟವಾಯಿತು. ವಿದ್ಯುತ್ತಿನ ಮೇಲೆ ಹೊರಿಸಿದ ಕೆಲವು ಗಾಯಗಳು ಚುಚ್ಚುವ ಉಪಕರಣದಿಂದ ಆದವಿರಬೇಕೆಂದು ಮುಂದೆ ಕಂಡುಬಂದಿತಾದರೂ ಅಷ್ಟರಲ್ಲಿ ನಂಬಿಕೆ ಅಲುಗಾಡಿತ್ತು.

ಉತ್ತರಗಳು ಹಲವು ಕಡೆಯಿಂದ ಬಂದವು. ಕೆನಡಾದ ಝಾಕ್ ರಿಯೂ, ಅಮೆರಿಕದ ರಿಚರ್ಡ್ ಕ್ಲೆಪಿಂಜರ್ ಮೊದಲಾದವರು ವಿದ್ಯುತ್ತನ್ನು ಇಕ್ಕಳದ ಎರಡು ದವಡೆಗಳ ನಡುವೆಯೇ ಕಟ್ಟಿಹಾಕಿದರು, ಅದೇ ಬೈಪೋಲಾರ್. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ದೇಹದೊಳಗೆ ವಿದ್ಯುತ್ತನ್ನೇ ಹರಿಸದೆ, ಸುಮಾರು 100 ಡಿಗ್ರಿಗೆ ಕಾಯಿಸಿದ ಇಕ್ಕಳದಿಂದ ಅಂಗಾಂಶವನ್ನು ಬೇಯಿಸಿದರು. ಇದೇ ಸೆಮ್ 1980ರಲ್ಲಿ ದರ್ಶಕದ ಮೂಲಕ ಅಪೆಂಡಿಕ್ಸ್ ತೆಗೆದಾಗ ಶಸ್ತ್ರವೈದ್ಯರು ಅವರ ಮೇಲೆ ಮುಗಿಬಿದ್ದರು. ಸ್ತ್ರೀರೋಗ ತಜ್ಞನಿಗೇಕೆ ಈ ಉಸಾಬರಿ ಎಂದು! ಇನ್ಬೇ ಯೂನ್ 1974ರಲ್ಲಿ ಪರಿಚಯಿಸಿದ ಸಿಲಿಕೋನ್ ಉಂಗುರಕ್ಕೆ ಬೆಂಕಿಯೂ ಬೇಡ, ವಿದ್ಯುತ್ತೂ ಬೇಡ. ನಮ್ಮ ದೇಶದ ಕುಟುಂಬ ಯೋಜನೆಯ ಶಿಬಿರಗಳಲ್ಲಿ ಬಳಕೆಯಾದದ್ದು ಆ ಉಂಗುರವೇ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳ ಒಡಲಲ್ಲಿ ಅದು ಇಂದಿಗೂ ಇದ್ದೀತು.

ಗರ್ಭಕೋಶವನ್ನೇ ತೆಗೆಯಲು ಉಂಗುರ ಸಾಲದು. ದೊಡ್ಡ ರಕ್ತನಾಳಗಳನ್ನು ಮುಚ್ಚಬೇಕು. 1988ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾರಿ ರೈಕ್ ಅವುಗಳನ್ನು ಬೈಪೋಲಾರ್‌ನಿಂದ ಮುಚ್ಚಿ, ಲ್ಯಾಪರೋಸ್ಕೋಪಿಯಿಂದಲೇ ಗರ್ಭಕೋಶವನ್ನು ಬಿಡಿಸಿದರು. ಹಾರ್ಮೋನಿಕ್ ಬಂದದ್ದು ತೊಂಬತ್ತರ ದಶಕದಲ್ಲಿ. ಅದರ ಅಲಗು ಸೆಕೆಂಡಿಗೆ 55,500 ಬಾರಿ ಕಂಪಿಸಿ, ಕತ್ತರಿಸುತ್ತಲೇ ರಕ್ತನಾಳವನ್ನು ಮುಚ್ಚುತ್ತದೆ. ದೇಹದೊಳಗೆ ವಿದ್ಯುತ್ತು ಹರಿಯುವುದಿಲ್ಲ. ಆದರೆ ಕಂಪನ ನಿಂತ ಮೇಲೂ ಅಲಗು ಕೆಲವು ಸೆಕೆಂಡುಗಳ ಕಾಲ ಸುಡುವಷ್ಟು ಬಿಸಿಯಾಗಿರುತ್ತದೆ. ಅದು ಆರುವ ಮುನ್ನ ಅದರಿಂದ ಕರುಳನ್ನು ಸರಿಸುವಂತಿಲ್ಲ.