ಗೆದ್ದಲು ಬೆಳೆಯುವ ಬೆಳೆ: ಮಲೆನಾಡಿನ ಮಳೆಗಾಲದ ಅಣಬೆಗಳು

ಮುಂಗಾರು ಕರಾವಳಿಯನ್ನು ಮುಟ್ಟಿ ಘಟ್ಟವನ್ನೇರಿತೆಂದರೆ ಮಲೆನಾಡಿನ ಕಾಡಂಚಿನಲ್ಲಿ ಎರಡು ಬಗೆಯ ಜನ ಕಾಣಸಿಗುತ್ತಾರೆ. ಬುಟ್ಟಿ ಹಿಡಿದು ಹುತ್ತಗಳ ಸುತ್ತ ಕಣ್ಣಾಡಿಸುವ ಊರಿನವರು ಒಂದೆಡೆ. ವಾರಾಂತ್ಯಕ್ಕೆ ನಗರಗಳಿಂದ ಬಂದು ಕಾಲುಹಾದಿಗಳಲ್ಲಿ ಓಡುವ, ಚಾರಣ ಮಾಡುವ, ಕೀಟಗಳ ಛಾಯಾಚಿತ್ರ ತೆಗೆಯುವ ಹವ್ಯಾಸಿಗಳು ಇನ್ನೊಂದೆಡೆ. ನೆಲದಿಂದ ತಲೆಯೆತ್ತಿದ ಅಣಬೆ ಇಬ್ಬರ ಕಣ್ಣನ್ನೂ ಸೆಳೆಯುತ್ತದೆ. ಆದರೆ ಅದನ್ನು ತಿನ್ನಬಹುದೇ ಎಂಬ ಪ್ರಶ್ನೆಗೆ ಉತ್ತರಿಸುವ ತಿಳಿವಳಿಕೆ ಇಬ್ಬರಲ್ಲಿಯೂ ಒಂದೇ ಸಮನಾಗಿಲ್ಲ.

ಅಣಬೆಯು ಸಸ್ಯವರ್ಗಕ್ಕಾಗಲೀ ಪ್ರಾಣಿವರ್ಗಕ್ಕಾಗಲೀ ಸೇರದ ಶಿಲೀಂಧ್ರ. ನೆಲದ ಮೇಲೆ ಕಾಣುವ ಕೊಡೆ ಅದರ ಫಲಕಾಯ ಮಾತ್ರ. ನಿಜವಾದ ದೇಹವು ಬಿಳಿಯ ಎಳೆಗಳ ಜಾಲವಾಗಿ ಮಣ್ಣಿನಲ್ಲಿಯೋ ಕೊಳೆತ ಮರದಲ್ಲಿಯೋ ವರ್ಷವಿಡೀ ಅಡಗಿರುತ್ತದೆ. ಕೊಡಗಿನಲ್ಲಿ ಕುಮ್ಮ್, ಕೊಂಕಣಿಯಲ್ಲಿ ಅಳಂಬೆ, ಬಯಲುಸೀಮೆಯ ಮಾತಿನಲ್ಲಿ ನಾಯಿಕೊಡೆ ಎಂದು ಇದಕ್ಕೆ ಹೆಸರುಗಳು ಹಲವು.

ಹುತ್ತದೊಳಗಿನ ಕೃಷಿ

ಮಲೆನಾಡಿಗರು ಅತ್ಯಂತ ರುಚಿಕರವೆಂದು ಬಗೆಯುವ ಹೆಗ್ಗಾಲಣಬೆ ಮುಂತಾದವು 'ಟರ್ಮಿಟೋಮೈಸಿಸ್' ಎಂಬ ಕುಲಕ್ಕೆ ಸೇರಿವೆ. ಫ್ರಾನ್ಸಿನ ಶಿಲೀಂಧ್ರತಜ್ಞ ರೋಜೆ ಹೈಮ್ ಅವರು 1942ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ಹೆಸರಿನಲ್ಲಿಯೇ ಗೆದ್ದಲಿದೆ, ಏಕೆಂದರೆ ಈ ಅಣಬೆಯನ್ನು ಬೆಳೆಯುವುದೇ ಗೆದ್ದಲು.

ಕೆಲಸಗಾರ ಗೆದ್ದಲುಗಳು ಒಣಗಿದ ಎಲೆ, ಕಡ್ಡಿ, ಮರದ ಚೂರುಗಳನ್ನು ತಿಂದು ಬರುತ್ತವೆ. ಅವುಗಳಲ್ಲಿರುವ ಗಟ್ಟಿ ನಾರು ಗೆದ್ದಲಿಗೆ ಸುಲಭವಾಗಿ ಜೀರ್ಣವಾಗುವುದಿಲ್ಲ. ಅರೆಜೀರ್ಣವಾದ ಹಿಕ್ಕೆಯಿಂದ ಅವು ಗೂಡಿನೊಳಗೆ ಸ್ಪಂಜಿನಂಥ ಗಡ್ಡೆಗಳನ್ನು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆದು ನಾರನ್ನು ಒಡೆಯುತ್ತದೆ. ಅಲ್ಲಿ ಮೂಡುವ ಬಿಳಿಯ ಸಣ್ಣ ಗುಂಡುಗಳನ್ನೂ ಹಳೆಯದಾದ ಗಡ್ಡೆಯನ್ನೂ ಗೆದ್ದಲುಗಳು ತಿನ್ನುತ್ತವೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಆರಂಭವಾದ ಈ ಸಹಬಾಳ್ವೆ ಅನಂತರ ದಕ್ಷಿಣ ಏಷ್ಯಾಕ್ಕೂ ಹರಡಿತೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ಈಸಲು ಹುಳುಗಳು ರೆಕ್ಕೆ ಬಂದ ಗೆದ್ದಲುಗಳೇ. ಅವು ಜೋಡಿಯಾಗಿ ನೆಲಕ್ಕಿಳಿದು ಹೊಸ ಗೂಡು ಹೂಡುತ್ತವೆ. ಹಲವು ವಾರಗಳ ಬಳಿಕ ಆ ಗೂಡಿನ ಮೊದಲ ಕೆಲಸಗಾರರು ಹೊರಬರುವ ವೇಳೆಗೆ ಹಳೆಯ ಹುತ್ತಗಳಿಂದ ಅಣಬೆಗಳು ಎದ್ದು ಬೀಜಾಣುಗಳನ್ನು ಚೆಲ್ಲಿರುತ್ತವೆ. ಹೆಚ್ಚಿನ ಪ್ರಭೇದಗಳಲ್ಲಿ ತರಗೆಲೆಯ ಜೊತೆ ಗೂಡು ಸೇರುವ ಈ ಬೀಜಾಣುಗಳೇ ಹೊಸ ಕೃಷಿಗೆ ಬಿತ್ತನೆಯಾಗುತ್ತವೆ.

ಹೆಗ್ಗಾಲಣಬೆಯ ಕಾಂಡವು ಬೇರಿನಂತೆ ಆಳಕ್ಕಿಳಿದು ಗೂಡಿನ ಗಡ್ಡೆಯನ್ನು ಮುಟ್ಟಿರುವುದು ಈ ಕಾರಣದಿಂದಲೇ. ಅದು ವರ್ಷ ವರ್ಷವೂ ಅದೇ ಜಾಗದಲ್ಲಿ ಏಳುವುದಕ್ಕೂ ಅಡಿಯಲ್ಲಿರುವ ಜೀವಂತ ಗೂಡೇ ಕಾರಣ. ಅಂಥ ಜಾಗಗಳನ್ನು ಹೊರಗಿನವರಿಗೆ ತಿಳಿಸದೆ ಮನೆತನದೊಳಗೇ ಉಳಿಸಿಕೊಳ್ಳುವುದು ಹಳ್ಳಿಗಳಲ್ಲಿ ವಾಡಿಕೆ. ಹುತ್ತವನ್ನು ಅಗೆದರೆ ಅಥವಾ ಕೀಟನಾಶಕ ಸುರಿದರೆ ಅಣಬೆಯೂ ಅಲ್ಲಿಗೆ ಮುಗಿಯಿತು. ಚಿಪ್ಪಣಬೆಯಂತೆ ಇದನ್ನು ಹುಲ್ಲಿನ ಮೇಲೆ ಬೆಳೆದು ಮಾರುಕಟ್ಟೆಗೆ ತರಲು ಸಾಧ್ಯವಾಗಿಲ್ಲ.

ಕಲ್ಲಣಬೆಯ ನಂಟು ಮರದೊಂದಿಗೆ

ಕರಾವಳಿಯ ಮುರಕಲ್ಲಿನ ನೆಲದಲ್ಲಿ ದೊರೆಯುವ ಕಲ್ಲಣಬೆಗೆ ಗೆದ್ದಲಿನ ನಂಟಿಲ್ಲ. 'ಆಸ್ಟ್ರಿಯಸ್' ಕುಲದ ಈ ಶಿಲೀಂಧ್ರ ಕಾಡುಮರಗಳ ಬೇರಿನೊಂದಿಗೆ ಕೊಡುಕೊಳ್ಳುವ ಸಂಬಂಧ ಬೆಳೆಸಿಕೊಂಡಿದೆ. ಮರದಿಂದ ಸಕ್ಕರೆಯ ಅಂಶವನ್ನು ಪಡೆದು, ಪ್ರತಿಯಾಗಿ ನೀರನ್ನೂ ಖನಿಜಾಂಶಗಳನ್ನೂ ಒದಗಿಸುತ್ತದೆ. ಮುಂಗಾರಿನ ಆರಂಭದಲ್ಲಿ ಮಣ್ಣನ್ನು ಕೆದಕಿ ಗೋಲಿಯಾಕಾರದ ಈ ಅಣಬೆಯನ್ನು ತೆಗೆಯುತ್ತಾರೆ. ಸೀಳಿದಾಗ ಒಳಗೆ ಬಿಳಿಯಾಗಿದ್ದರೆ ಮಾತ್ರ ಅಡುಗೆಗೆ ಯೋಗ್ಯ. ಕಪ್ಪಾಗಿದ್ದರೆ ಬಲಿತಿದೆ ಎಂದರ್ಥ. ಕೆಲವೇ ವಾರಗಳ ಈ ಸರಕು ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ.

ಹಾದಿಯ ಕೀಟಲೋಕ

ಓಟಗಾರನು ವೇಗ ತಗ್ಗಿಸಿ ನೋಡಿದರೆ ಕಾಡಿನ ಹಾದಿಯೇ ಕೀಟಶಾಸ್ತ್ರದ ಪಾಠಶಾಲೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ, ಕೊಳೆತ ದಿಮ್ಮಿಯ ಮೇಲಿನ ದುಂಬಿಗಳು, ಅಣಬೆಯ ಕೊಡೆಯಡಿ ಮೊಟ್ಟೆಯಿಡುವ ಸಣ್ಣ ನೊಣಗಳು ಎಲ್ಲೆಡೆ ಕಾಣುತ್ತವೆ. ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕಪ್ಪು, ಹಳದಿ ರೆಕ್ಕೆ ಬಡಿಯುತ್ತ ಮರಗಳ ಎತ್ತರದಲ್ಲಿ ಸಾಗುವುದೂ ಉಂಟು. ಬಿಳಿ ಇರುವೆ ಎಂದು ಕರೆಯಲಾಗುವ ಗೆದ್ದಲು ಇರುವೆಯ ಬಳಗಕ್ಕೆ ಸೇರಿದ್ದಲ್ಲ. ಆಧುನಿಕ ವರ್ಗೀಕರಣದಲ್ಲಿ ಅದು ಜಿರಲೆಗಳ ಗಣಕ್ಕೆ ಸೇರಿದೆ.

ಕೀಟ ಕಚ್ಚಿದ ಅಣಬೆ ಮನುಷ್ಯನಿಗೂ ಸುರಕ್ಷಿತವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಅಪಾಯಕಾರಿ ತಪ್ಪು. ಮನುಷ್ಯನ ಯಕೃತ್ತನ್ನು ನಾಶಮಾಡುವ ಅಣಬೆ ವಿಷವನ್ನು ಕೆಲವು ಜಾತಿಯ ನೊಣಗಳು ಸಹಿಸಿಕೊಳ್ಳಬಲ್ಲವು.

ವಿಷದ ವಿಚಾರ

ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಬೆಳ್ಳುಳ್ಳಿಯ ಬಣ್ಣ ಬದಲಾಗದಿದ್ದರೆ ಅಣಬೆ ತಿನ್ನಬಹುದು ಎಂಬ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ. 'ಅಮಾನಿಟಾ' ಕುಲದ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಕುದಿಸಿದರೂ ನಾಶವಾಗುವುದಿಲ್ಲ. ಮೇಘಾಲಯದಲ್ಲಿ 2020ರ ಏಪ್ರಿಲ್‌ನಲ್ಲಿ ಒಂದೇ ಗ್ರಾಮದ ಆರು ಮಂದಿ ಈ ಕುಲದ ಅಣಬೆ ತಿಂದು ಮೃತಪಟ್ಟರು. ಅಸ್ಸಾಂನಲ್ಲಿ 2022ರ ಏಪ್ರಿಲ್‌ನಲ್ಲಿ ವಿಷದ ಅಣಬೆಗೆ 13 ಮಂದಿ ಬಲಿಯಾದರು. ಎರಡೂ ಕಡೆ ಸತ್ತವರು ಅಣಬೆ ಆಯುವ ರೂಢಿಯುಳ್ಳ ಪ್ರದೇಶಗಳ ಜನರೇ ಎಂಬುದು ಗಮನಾರ್ಹ.

ಈ ವಿಷದ ಕ್ರಮ ಮೋಸದ್ದು. ತಿಂದ 6ರಿಂದ 24 ಗಂಟೆಗಳ ನಂತರ ವಾಂತಿಭೇದಿ ಆರಂಭವಾಗುತ್ತದೆ. ಬಳಿಕ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಆ ಹೊತ್ತಿನಲ್ಲಿಯೇ ಯಕೃತ್ತು ಹಾಳಾಗುತ್ತಿರುತ್ತದೆ. ಅಣಬೆ ತಿಂದ ಬಳಿಕ ವಾಂತಿಭೇದಿ ಕಾಣಿಸಿದರೆ ಉಳಿದ ಅಣಬೆಯ ತುಣುಕಿನೊಂದಿಗೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಗುರುತಿನ ಮುಖ್ಯ ಸುಳಿವು ಮಣ್ಣಿನೊಳಗಿರುತ್ತದೆ. ಅಮಾನಿಟಾದ ಬುಡದಲ್ಲಿ ಬಟ್ಟಲಿನಂಥ ಪೊರೆ ಅಥವಾ ಉಬ್ಬು ಇದ್ದರೆ, ಹೆಗ್ಗಾಲಣಬೆಯ ಬುಡ ಉದ್ದನೆಯ ಬೇರಾಗಿ ಇಳಿಯುತ್ತದೆ. ಕಾಂಡವನ್ನು ನೆಲಮಟ್ಟದಲ್ಲಿ ಚಿವುಟಿದವನು ಆ ಸುಳಿವನ್ನು ಅಲ್ಲಿಯೇ ಬಿಟ್ಟುಬಂದಂತೆ. ಹುಲ್ಲುಹಾಸುಗಳಲ್ಲಿ ಏಳುವ 'ಕ್ಲೋರೋಫಿಲಮ್ ಮಾಲಿಬ್ಡೈಟಿಸ್' ಎಂಬ ದೊಡ್ಡ ಬಿಳಿ ಕೊಡೆಯೂ ಮೋಸಗೊಳಿಸುತ್ತದೆ. ಅದರ ಅಡಿಯ ಪದರಗಳು ಬಲಿತ ಮೇಲೆ ಹಸಿರು ಛಾಯೆ ತಳೆಯುತ್ತವೆ. ಎಳೆಯದರಲ್ಲಿ ಆ ಗುರುತು ಇರುವುದಿಲ್ಲ. ಇಂಥ ಒಂದೆರಡು ಲಕ್ಷಣಗಳನ್ನು ನಂಬಿ, ಅಥವಾ ಮೊಬೈಲ್ ಚಿತ್ರವನ್ನು ಹೋಲಿಸಿ ನೋಡಿ ತಿನ್ನುವುದು ಪ್ರಾಣಕ್ಕೆ ಎರವಾದೀತು.

ನಿಯಮ ಮತ್ತು ಎಚ್ಚರ

ರಾಷ್ಟ್ರೀಯ ಉದ್ಯಾನ ಹಾಗೂ ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಏನನ್ನೂ ಹೊರತರುವಂತಿಲ್ಲವೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ಹಾದಿಗಳಿಗೂ ಇದು ಅನ್ವಯ. ಕಾಡನ್ನೇ ನಂಬಿದ ಬುಡಕಟ್ಟು ಹಾಗೂ ಪಾರಂಪರಿಕ ನಿವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ನೀಡಿರುವ ಹಕ್ಕು ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ. ಕಾಫಿ, ಅಡಿಕೆ ತೋಟಗಳಲ್ಲಿಯಾದರೆ ಮಾಲೀಕರ ಒಪ್ಪಿಗೆ ಬೇಕು.

ಮಳೆಗಾಲದಲ್ಲಿ ಓಡಲು ಹೊರಡುವವರು ಇಂಬಳಗಳಿಗೂ ಜಾರುವ ಪಾಚಿಗಲ್ಲುಗಳಿಗೂ ಸಿದ್ಧರಾಗಿರಬೇಕು. ಅರಣ್ಯ ಇಲಾಖೆ ಮುಂಗಡ ನೋಂದಣಿ ವಿಧಿಸಿರುವ ಹಾದಿಗಳಲ್ಲಿ ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು. ಕಂಡ ಅಣಬೆಯನ್ನು ಕೀಳದೆ, ಕೊಡೆಯ ಮೇಲುಭಾಗ, ಅಡಿಭಾಗ ಮತ್ತು ಸುತ್ತಲಿನ ನೆಲದ ಚಿತ್ರ ತೆಗೆದುಕೊಂಡರೆ ಅಧ್ಯಯನಕ್ಕೆ ಸಾಕು. ರುಚಿ ನೋಡಲೇಬೇಕೆಂಬ ಆಸೆಯಿದ್ದರೆ, ಆ ಜಾಗವನ್ನು ಹತ್ತಾರು ಮಳೆಗಾಲ ಕಂಡ ಸ್ಥಳೀಯರು ಆಯ್ದು, ತಾವೂ ಉಣ್ಣುವ ಅಣಬೆಯನ್ನಷ್ಟೇ ತಟ್ಟೆಗೆ ಬಡಿಸಿಕೊಳ್ಳುವುದು ಲೇಸು.