ಬೆರಳಿನ ಕಪ್ಪು ಗೆರೆ ಮತ್ತು ಮೈಸೂರಿನ ಕೆಮಿಸ್ಟ್ರಿ

ಓಟು ಹಾಕಿ ಬಂದ ಮೇಲೆ ಎಡಗೈ ತೋರುಬೆರಳನ್ನು ಸೋಪಿನಲ್ಲಿ ಎಷ್ಟು ಉಜ್ಜಿದರೂ ಆ ಕಪ್ಪು ಗೆರೆ ಹೋಗುವುದಿಲ್ಲ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ಅದರ ಗುಟ್ಟು ಇರುವುದು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದಲ್ಲಿ.

ಬಿಎಸ್ಸಿ ಓದಿ ಪತ್ರಿಕೋದ್ಯಮಕ್ಕೆ ಬಂದ ನಮ್ಮಲ್ಲಿ ಕೆಲವರಿಗೆ ಈ ಕಲೆ ಓಟಿನ ಹಕ್ಕು ಬರುವ ಮೊದಲೇ ಪರಿಚಯ. ಲ್ಯಾಬಿನಲ್ಲಿ ಒಂದು ಹನಿ ಕೈಗೆ ಬಿದ್ದರೆ ಆಗ ಏನೂ ಕಾಣುತ್ತಿರಲಿಲ್ಲ. ಬೆವರಿನ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿದ ಮೇಲೆ ಚರ್ಮ ಕಪ್ಪಾಗುತ್ತಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು. ಆಗ ವಿಜ್ಞಾನದ ಡಿಗ್ರಿ ಓದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಬೇಕಿತ್ತು. ಮೈಸೂರಿನ ಮಹಾರಾಜ ಕಾಲೇಜು ಕಲಾ ವಿಷಯಗಳಿಗೆ. ಮುಂದೆ ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿ ಭಾರತರತ್ನ ಪಡೆದ ಸಿ.ಎನ್.ಆರ್. ರಾವ್ ಅವರೂ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿಎಸ್ಸಿ ಮುಗಿಸಿದವರೇ. ಮೈಸೂರಿನಲ್ಲಿ 1928ರಲ್ಲಿ ಹುಟ್ಟಿದ ಯುವರಾಜ ಕಾಲೇಜು ವಿಜ್ಞಾನದ ಕಾಲೇಜಾಗಿ ಬೆಳೆಯಿತು. 1960ರಲ್ಲಿ ಸ್ನಾತಕೋತ್ತರ ಓದಿಗೆ ಮಾನಸಗಂಗೋತ್ರಿ ಬಂತು. ಆ ಹೆಸರಿಟ್ಟವರು ಕುವೆಂಪು.

ಇತ್ತ 1937ರಲ್ಲಿ ನಾಲ್ವಡಿಯವರೇ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದನ್ನು ಮೈಸೂರಿನಲ್ಲಿ ಕಟ್ಟಿಸಿದ್ದರು. ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರ ಪಡೆದು, 1962ರ ಚುನಾವಣೆಯಿಂದ ಅಳಿಸಲಾಗದ ಶಾಯಿಯನ್ನು ಅದು ಇಡೀ ದೇಶಕ್ಕೆ ಕೊಡುತ್ತಿದೆ.

ಅದೇ ಸಿಲ್ವರ್ ನೈಟ್ರೇಟ್ ಊರಿನ ಇನ್ನೊಂದು ಕೆಲಸಕ್ಕೂ ಬರುತ್ತದೆ. ಬೋರ್‌ವೆಲ್ ನೀರಿಗೆ ನಾಲ್ಕು ಹನಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ನೀರು ಹಳದಿಯಾಗುತ್ತದೆ. ಬ್ಯುರೆಟ್‌ನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಟ್ಟಾಗ ಮೊದಲು ಬಿಳಿ ಗಸಿ ಕಟ್ಟುತ್ತದೆ. ನೀರಿನ ಕ್ಲೋರೈಡ್ ಮುಗಿದ ಕೂಡಲೇ ಇಟ್ಟಿಗೆ ಕೆಂಪು ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸಿ, ಎಷ್ಟು ಖರ್ಚಾಯಿತೆಂದು ನೋಡಿ ಲೆಕ್ಕ ಹಾಕಬೇಕು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 1000ದವರೆಗೆ ಎನ್ನುತ್ತದೆ ಭಾರತೀಯ ಮಾನಕ.

ಕಬ್ಬಿಣದ ಅಂಶ ಅಳೆಯಲು ಕಲರಿಮೀಟರ್ ಇದೆ. ನೀರಿಗೆ ಬಣ್ಣ ಬರಿಸಿ ಬೆಳಕು ಹಾಯಿಸಿದರೆ, ಆ ಬಣ್ಣ ಎಷ್ಟು ಬೆಳಕು ಹೀರಿತೆಂದು ಯಂತ್ರ ಹೇಳುತ್ತದೆ. ನಮ್ಮಲ್ಲಿ ಹಲವರು ಇಂಥ ಯಂತ್ರಗಳ ಚಿತ್ರ ಬರೆದು, ಭಾಗ ಗುರುತಿಸಿ ಅಂಕ ತೆಗೆದವರು. ಮುಟ್ಟಿ ನೋಡಿದ್ದು ಕಡಿಮೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಪಾಠದ ಇಂಗ್ಲಿಷೇ ಮೊದಲ ವರ್ಷವನ್ನೆಲ್ಲ ನುಂಗಿತು. ಆದರೆ ಹಳದಿ ಕೆಂಪಾಗಿದ್ದು ಅರ್ಥವಾಗಲು ಇಂಗ್ಲಿಷ್ ಬೇಕಾಗಲಿಲ್ಲ.

ನಿಮ್ಮೂರಲ್ಲಿ ಬಿಎಸ್ಸಿ ಓದುವ ಹುಡುಗಿಯೋ ಹುಡುಗನೋ ಇದ್ದರೆ, ಒಂದು ಬಾಟಲಿ ಊರ ನೀರು ಕೊಟ್ಟು ಕಳಿಸಿ. ಮೇಷ್ಟ್ರನ್ನು ಕೇಳಿ ಅವರೇ ಪರೀಕ್ಷೆ ಮಾಡಿಕೊಂಡು ಬರಲಿ. ನೂರು ವರ್ಷ ದಾಟಿದ ಆ ಓದು ಊರಿಗೆ ಬರುವ ದಾರಿಗಳಲ್ಲಿ ಇದೂ ಒಂದು.